ಮಗಳ ಚಾರ್ಟಿಗೆ ಲೋಕಸಭೆಯ 543 ಸೀಟು: ನೀವು ಹೇಗೆ ಅರ್ಥ ಮಾಡಿಸಿದಿರಿ?

ಸುರತ್ಕಲ್‌ನಿಂದ ಕೇಳ್ತಾ ಇದ್ದೇನೆ. ಮಗಳು ಒಂಬತ್ತನೇ ಕ್ಲಾಸು. 2024ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಅಂತ ಚಾರ್ಟ್ ಮಾಡಿ ಐದು ನಿಮಿಷ ಮಾತಾಡಬೇಕಂತೆ. ಬಣ್ಣ ಹಚ್ಚಲಿಕ್ಕೆ ಕಷ್ಟ ಇಲ್ಲ. "ಬಹುಮತಕ್ಕೆ ಬೇಕಾದ್ದು 272, ಬಿಜೆಪಿಗೆ ಬಂದದ್ದು 240, ಮತ್ತೆ ಸರ್ಕಾರ ಹೇಗೆ ಆಯ್ತು?" ಅಂತ ಕೇಳಿದಳು. ಮೈತ್ರಿ ಅಂದೆ. ಅವಳಿಗೆ ಅದು ಬರೀ ಪದ. ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಇದ್ದರೆ ತಿಳಿಸಿ.

ಬಂಟ್ವಾಳದಿಂದ

ನನ್ನ ಮಗನಿಗೂ ಇದೇ ಗತಿ ಆಗಿತ್ತು. ಅತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದರು, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ. ತುಳುವರ ಆಟಿ ತಿಂಗಳು ಮುಗಿದ ಮೇಲೆ ಅಟ್ಟಕ್ಕೆ ಹೋದದ್ದು. ಗುಳಿ 14, ಒಂದೊಂದಕ್ಕೆ ನಾಲ್ಕರಂತೆ ಕಾಯಿ 56. ಹತ್ತು ಸೀಟಿಗೆ ಒಂದು ಕಾಯಿ ಅಂದ್ರೆ ಸುಮಾರು 54 ಸಾಕು, ಲೆಕ್ಕ ಸರಿ ಕೂತಿತು ಅಂತ ಖುಷಿಪಟ್ಟೆ. ಬಿಜೆಪಿಗೆ 24 ಕಾಯಿ. ಅದರ ಜೊತೆ ಮೈತ್ರಿಯಲ್ಲಿದ್ದ ತೆಲುಗು ದೇಶಂ 16 ಸೀಟಿಗೆ ಎರಡು, ಜೆಡಿಯು 12ಕ್ಕೆ ಒಂದು. ಒಟ್ಟು 27. ಮಗ "ಆಯ್ತಲ್ಲ, ಬಹುಮತ ಬಂತು!" ಅಂತ ಚಪ್ಪಾಳೆ ಹೊಡೆದ.

ಬಂದಿರಲಿಲ್ಲ ಮಾರಾಯ್ರೇ. 240, 16, 12 ಕೂಡಿಸಿದರೆ 268. ಇನ್ನೂ ನಾಲ್ಕು ಕಮ್ಮಿ! ನಾನು ಹತ್ತಕ್ಕೆ ಸರಿ ಮಾಡಿದ್ದೇ ತಪ್ಪಾಗಿತ್ತು.

ಮರುದಿನ ಹುಣಸೆ ಬೀಜ ತಂದು ಒಂದು ಸೀಟಿಗೆ ಒಂದು ಬೀಜ ಅಂತ ಮೊರದಲ್ಲಿ ಹಾಕಿದೆವು. 268 ಆದ ಮೇಲೆ ಚಿರಾಗ್ ಪಾಸ್ವಾನ್ ಅವರ ಪಕ್ಷದ ಐದು ಬೀಜ ಅವನೇ ತಳ್ಳಿದ. 273. ಆಮೇಲೆ ಶಿಂಧೆ ಅವರ ಶಿವಸೇನೆ 7, ನಮ್ಮ ಜೆಡಿಎಸ್ 2, ಹೀಗೆ ಒಟ್ಟು ಎನ್‌ಡಿಎ, ಅಂದ್ರೆ ಬಿಜೆಪಿಯ ಮೈತ್ರಿಕೂಟ, 293ಕ್ಕೆ ಬಂತು. ಈಗ ತೆಲುಗು ದೇಶಂನ 16 ತೆಗಿ ಅಂದೆ. 277, ಉಳೀತು. ಜೆಡಿಯು 12 ಕೂಡ ತೆಗಿ ಅಂದೆ. 265. ಅವನು ಬೀಜ ಹಿಡಿದುಕೊಂಡು ಸುಮ್ನೆ ನನ್ನ ಮುಖ ನೋಡಿದ. ಮೈತ್ರಿ ಅಂದ್ರೆ ಎಂತದು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಬೈಂದೂರಿನಿಂದ

ಊರಿನಿಂದ ಶುರು ಮಾಡಿಸಿ. ಕರ್ನಾಟಕದ 28ರಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ನಿಮ್ಮ ದಕ್ಷಿಣ ಕನ್ನಡದಿಂದ ಬ್ರಿಜೇಶ್ ಚೌಟ, ಉಡುಪಿ ಚಿಕ್ಕಮಗಳೂರಿನಿಂದ ಕೋಟ ಶ್ರೀನಿವಾಸ ಪೂಜಾರಿ.

ಒಂದು ಎಚ್ಚರಿಕೆ. ಜಿಲ್ಲೆಯ ಗಡಿಯೇ ಕ್ಷೇತ್ರದ ಗಡಿ ಅಲ್ಲ. ಅಕ್ಕನ ಮಗಳು ಉಡುಪಿ ಜಿಲ್ಲೆಗೆ ಪೂರ್ತಿ ಒಂದೇ ಬಣ್ಣ ಬಳಿದು ತಂದಿದ್ದಳು. ಅದೇ ಜಿಲ್ಲೆಯವರಾದರೂ ನಾವು ಬೈಂದೂರಿನವರು ಓಟು ಹಾಕುವುದು ಶಿವಮೊಗ್ಗಕ್ಕೆ, ನಮ್ಮ ಎಂಪಿ ರಾಘವೇಂದ್ರ. ಘಟ್ಟದ ಮೇಲಿನ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಉಡುಪಿಯ ಜೊತೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆದದ್ದು ಇದು. ಮಂಗಳೂರು ಅಂತ ಇದ್ದ ಲೋಕಸಭಾ ಕ್ಷೇತ್ರಕ್ಕೆ ದಕ್ಷಿಣ ಕನ್ನಡ ಅನ್ನುವ ಹೆಸರು ಬಂದದ್ದೂ ಆಗಲೇ.

ಕಾರ್ಕಳದಿಂದ

ಚಾರ್ಟಿನ ಮೂಲೆಯಲ್ಲಿ ತಾರೀಕು ಬರೆಸಿ. 2024ರ ಜೂನ್ 4 ಅಂತ ಬರೆದರೆ ಕಾಂಗ್ರೆಸ್ 99. ರಾಹುಲ್ ಗಾಂಧಿ ಎರಡು ಕಡೆ ಗೆದ್ದು ವಯನಾಡ್ ಬಿಟ್ಟರು, ಆಗ ಒಂದು ಖಾಲಿ. ನವೆಂಬರ್ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗೆದ್ದರು. ತಾರೀಕು ಇಲ್ಲದಿದ್ದರೆ ಕ್ಲಾಸಲ್ಲಿ ಯಾರಾದ್ರೂ ಎದ್ದು ಕೇಳ್ತಾರೆ. ಸೂರತ್‌ನಲ್ಲಿ ಅವಿರೋಧ ಆಯ್ಕೆ, ಹಾಗಾಗಿ ಮತ ಎಣಿಸಿದ್ದು 542ರಲ್ಲಿ ಮಾತ್ರ. ನಾನು ಅವತ್ತು ಒಂದು ಸೀಟು ಎಲ್ಲಿ ಹೋಯ್ತು ಅಂತ ಮೂರು ಸಲ ಕೂಡಿಸಿದ್ದೇನೆ.

ಮಣಿಪಾಲದಿಂದ

ಬೀಜದ ಉಪಾಯ ಚೆನ್ನಾಗಿದೆ. ಆದರೆ ಬರೀ ಸೀಟು ತೋರಿಸಿದರೆ ಅರ್ಧ ಕಥೆ ಅಂತ ನನಗನಿಸುತ್ತದೆ. 2019ರಲ್ಲಿ ಬಿಜೆಪಿಗೆ ಶೇಕಡ 37ರ ಆಸುಪಾಸು ಮತ, 303 ಸೀಟು. 2024ರಲ್ಲಿ ಸುಮಾರು 36.6, ಸೀಟು 240. ಮತ ಇಳಿದದ್ದು ಒಂದು ಚೂರು, ಸೀಟು 63 ಹೋಯ್ತು. ಒಂದೊಂದು ಕ್ಷೇತ್ರದಲ್ಲೂ ಮುಂದೆ ಇದ್ದವನೇ ಗೆಲ್ಲುವುದು, ಒಂದು ಓಟು ಜಾಸ್ತಿ ಇದ್ದರೂ ಸಾಕು. ಇದನ್ನು ಹೇಳಿದಾಗಲೇ ನನ್ನ ಮಗಳು ಕಣ್ಣರಳಿಸಿದ್ದು.

ವಿರೋಧ ಪಕ್ಷದ ಕಡೆಗೂ ಒಂದು ನಿಮಿಷ ಇಡಿ. ಹತ್ತನೇ ಒಂದು ಭಾಗ, ಅಂದ್ರೆ 55 ಸೀಟು ಇದ್ದ ಪಕ್ಷಕ್ಕೆ ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನ ಅಂತ ರೂಢಿ. ಕಾಂಗ್ರೆಸ್‌ಗೆ 2014ರಲ್ಲಿ 44, 2019ರಲ್ಲಿ 52. ಹತ್ತು ವರ್ಷ ಆ ಕುರ್ಚಿ ಖಾಲಿ ಇತ್ತು. ಹೆಂಗಸರ ಸಂಖ್ಯೆಯನ್ನೂ ಬರೆಯಲಿ: 2019ರಲ್ಲಿ 78 ಇದ್ದದ್ದು 2024ರಲ್ಲಿ 74 ಆಯ್ತು.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಬೈಂದೂರಿನ ವಿಷಯ ನನಗೇ ಗೊತ್ತಿರಲಿಲ್ಲ, ನಾಚಿಕೆಯಾಯ್ತು. ಹುಣಸೆ ಬೀಜ ಡಬ್ಬದಲ್ಲಿ ಎಣಿಸಿದೆವು, 410 ಉಂಟು. ಬಾಕಿ 133ಕ್ಕೆ ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಕೊಡ್ತೇನೆ, ಆದರೆ ವಾಪಸ್ ಎಣಿಸಿಯೇ ಕೊಡಬೇಕು ಅಂದಿದ್ದಾರೆ.