ಚಿಕ್ಕಮ್ಮ, ಸಕ್ಕರ್ ಮೀನನ್ನು ಕೆರೆಗೆ ಮಾತ್ರ ಬಿಡಬೇಡಿ

ಚಿಕ್ಕಮ್ಮ, ಈಗ ನೋಡಿದೆ ನಿಮ್ಮ ಮೆಸೇಜು. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಮಾತಾಡೇ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗುತ್ತದೆ, ಬೇಜಾರು ಮಾಡ್ಕೋಬೇಡಿ.

ಟ್ಯಾಂಕ್ ಕ್ಲೀನ್ ಆಗುತ್ತದೆ ಅಂತ ಸಕ್ಕರ್ ಮೀನು ತಂದಿದ್ದು ಪುಟ್ಟ. ಅದು ನೋಡಿದರೆ ಹಗಲೆಲ್ಲ ಗಾಜಿಗೆ ಅಂಟಿಕೊಂಡು ಬಿದ್ದಿರುತ್ತದೆ. ಗಲೀಜು ಮೊದಲಿಗಿಂತ ಜಾಸ್ತಿ, ಗೋಲ್ಡ್‌ಫಿಶ್ ಮೈಮೇಲೆ ಕಲೆ. ಕೆರೆಗೆ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ, ಅಲ್ವಾ?

ನನಗೂ ಅಂಗಡಿಯವರು ಹಾಗೇ ಹೇಳಿ ಕೊಟ್ಟಿದ್ದರು, ಕ್ಲೀನರ್ ಮೀನು ಅಂತ. ಅದು ಬೇರೆ ಮೀನಿನ ಕಕ್ಕ ತಿನ್ನುವುದಿಲ್ಲ ಚಿಕ್ಕಮ್ಮ. ಪಾಚಿ ಕೆರೆದು ತಿನ್ನುತ್ತದೆ ಅಷ್ಟೇ. ಕಕ್ಕ ಅಂತೂ ನಮ್ಮನೇದು ದಾರದ ಉಂಡೆ ಬಿಚ್ಚಿದ ಹಾಗೆ ಮಾಡುತ್ತಿತ್ತು. ನಿಮ್ಮದು ಪಾಪ ಹಸಿದಿರಬೇಕು. ಹೊಟ್ಟೆಗೆ ಸಾಲದಿದ್ದರೆ ರಾತ್ರಿ ಹೋಗಿ ಗೋಲ್ಡ್‌ಫಿಶ್ ಪಕ್ಕೆಗೆ ಅಂಟಿ ಲೋಳೆ ಹೀರುತ್ತದೆ. ಕಲೆ ಅದರದ್ದೇ ಇರಬಹುದು. ಉಪ್ಪಿನ ಕಾಳು ಉದುರಿಸಿದ ಹಾಗಿದ್ದರೆ ಮಾತ್ರ ಬೇರೆ ಕಾಯಿಲೆ, ಒಂದು ಫೋಟೋ ಕಳಿಸಿ.

ಇವತ್ತು ರಾತ್ರಿ ಸೌತೆಕಾಯಿಯ ಒಂದು ದಪ್ಪ ಬಿಲ್ಲೆ ಕೊಯ್ದು, ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ತೆಗೆಯಿರಿ. ತಣ್ಣಗಾದ ಮೇಲೆ ಸ್ಟೀಲ್ ಚಮಚಕ್ಕೆ ಚುಚ್ಚಿ ಮುಳುಗಿಸಿ, ಇಲ್ಲದಿದ್ದರೆ ತೇಲುತ್ತದೆ. ಲೈಟ್ ಆರಿಸಿದ ಮೇಲೇ ಹಾಕಿ, ಅದು ರಾತ್ರಿ ತಿನ್ನುವ ಮೀನು. ಬೆಳಗ್ಗೆ ನೋಡಿದರೆ ಸಿಪ್ಪೆ ಬಳೆಯ ಹಾಗೆ ಉಳಿದಿರುತ್ತದೆ. ಅದನ್ನು ಮರೆಯದೆ ತೆಗೆಯಿರಿ, ನೀರು ಕೆಡುತ್ತದೆ.

ಆದರೂ ನಿಮ್ಮ ಎರಡಡಿ ಟ್ಯಾಂಕು ಅದಕ್ಕೆ ಸಾಲುವುದಿಲ್ಲ. ಈಗ ಎರಡಿಂಚು ಇರಬಹುದು, ಅದು ಒಂದು ಅಡಿ ದಾಟಿ ಬೆಳೆಯುವ ಜಾತಿ. ಅಂಗಡಿಗೇ ವಾಪಸ್ ಕೊಡಿ. ಇಂಥ ಗಾಜಿಗೆ ಅಂಟುವ ಮೀನೇ ಬೇಕು ಅಂತ ಪುಟ್ಟ ಹಟ ಮಾಡಿದರೆ ಬ್ರಿಸಲ್‌ನೋಸ್ ಅನ್ನುವ ಚಿಕ್ಕ ಜಾತಿ ಕೇಳಲಿ, ಅದು ಐದಾರು ಇಂಚಿಗೇ ನಿಲ್ಲುತ್ತದೆ. ಅದಕ್ಕೂ ದಿನಾ ಊಟ ಹಾಕಬೇಕು, ಮೊದಲೇ ಹೇಳಿಬಿಡಿ.

ಕೆರೆ ಯಾಕೆ ಬೇಡ ಅಂದರೆ, ಅದು ಸುಲಭಕ್ಕೆ ಸಾಯುವ ಪ್ರಾಣಿ ಅಲ್ಲ. ಅಮೆಜಾನ್ ನದಿ ಕಡೆಯದು. ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗುತ್ತದೆ, ಹೊಟ್ಟೆಯಲ್ಲೇ ಉಸಿರಾಟ ನಡೆಯುತ್ತದೆ. ಮೊಟ್ಟೆ ಇಡೋಕೆ ದಡದಲ್ಲಿ ಬಿಲ ಕೊರೆಯುತ್ತದೆ, ದಡ ಕುಸಿಯುತ್ತದೆ. ಮೈತುಂಬ ಮೂಳೆಯ ಕವಚ, ಹಾಗಾಗಿ ಅದನ್ನು ತಿನ್ನುವವರೂ ಕಡಿಮೆ. ಆಂಧ್ರದಲ್ಲಿ, ಕೋಲ್ಕತ್ತಾದ ಕಡೆ ಈಗಾಗಲೇ ಮೀನುಗಾರರ ಬಲೆ ಹರಿಯುತ್ತಿದೆ.

ಬಲೆ ಅಂದಾಗ ನೆನಪಾಯಿತು. ಹಿಡಿಯೋಕೆ ಬಲೆ ಬೇಡ. ಗಾಬರಿಯಾದರೆ ರೆಕ್ಕೆಯ ಮುಳ್ಳು ಬಿಗಿಯಾಗಿ ನಿಲ್ಲಿಸಿಬಿಡುತ್ತದೆ. ನನ್ನದು ಹಾಗೇ ಸಿಕ್ಕಿಹಾಕಿಕೊಂಡು, ಕೊನೆಗೆ ಕತ್ತರಿ ತಂದು ಬಲೆಯನ್ನೇ ಕತ್ತರಿಸಿದೆ. ಪ್ಲಾಸ್ಟಿಕ್ ಡಬ್ಬಿ ನೀರಲ್ಲಿ ಮುಳುಗಿಸಿ ಮೆಲ್ಲಗೆ ಅದರೊಳಗೆ ಓಡಿಸಿ. ಪುಟ್ಟ ಸ್ಕೂಲಿಂದ ಬಂದ ಮೇಲೆ ವಿಡಿಯೋ ಕಾಲ್ ಮಾಡಿಸಿ, ನಾನೇ ಹೇಳಿಕೊಡುತ್ತೇನೆ.