ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತಿದೆ, ಲಾರಿ ಗೇಟಿನಲ್ಲಿ ನಿಂತಿದೆ

ಗೋದಾಮು_ತುಮಕೂರು: ವಸಂತನರಸಾಪುರದ ನಮ್ಮ ಗೋದಾಮಿನ ಕಚೇರಿಯಲ್ಲಿ ನೆಟ್‌ವರ್ಕ್ ಪ್ರಿಂಟರ್ ಮತ್ತೆ ಕೈಕೊಟ್ಟಿದೆ. ಒಂದು ಕಂಪ್ಯೂಟರ್‌ನಿಂದ ಮುದ್ರಣ ಬರುತ್ತದೆ, ಪಕ್ಕದ ಮೇಜಿನಲ್ಲಿ ‘ಆಫ್‌ಲೈನ್’. ಊಟ ಮುಗಿಸಿ ಬಂದರೆ ಎಲ್ಲವೂ ತಿರುಗುಮುರುಗು. ಲಾರಿ ಚಾಲಕ ಇನ್‌ವಾಯ್ಸ್‌ಗಾಗಿ ಕಿಟಕಿ ಬಡಿಯುತ್ತಿದ್ದಾನೆ. ಎಲ್ಲವನ್ನೂ ಮಾಡಿ ನೋಡಿದ್ದಾಗಿದೆ. ದಯವಿಟ್ಟು ‘ಆಫ್ ಮಾಡಿ ಆನ್ ಮಾಡಿ’ ಎಂದು ಯಾರೂ ಬರೆಯಬೇಡಿ.

ಕೋಲಾರದ_ಕೇಬಲ್: ಯಾವ ಪ್ರಿಂಟರ್, ವೈಫೈಯೋ ಕೇಬಲ್ಲೋ ಹೇಳಿಲ್ಲ. ಆದರೂ ರೋಗ ಗೊತ್ತಾಯಿತು: ಡಬ್ಲ್ಯುಎಸ್‌ಡಿ ಪೋರ್ಟ್ (ಪೋರ್ಟ್ ಎಂದರೆ ಕಂಪ್ಯೂಟರ್ ಪ್ರಿಂಟರನ್ನು ತಲುಪುವ ದಾರಿ). ವಿಂಡೋಸ್ ತಾನಾಗಿಯೇ ಪ್ರಿಂಟರ್ ಹುಡುಕಿ ಸೇರಿಸಿಕೊಂಡರೆ ಹೆಚ್ಚಾಗಿ ಅದನ್ನೇ ಅಂಟಿಸುತ್ತದೆ. ಪ್ರಿಂಟರಿನ ಐಪಿ ವಿಳಾಸಕ್ಕೇ ನೇರ ಕಳುಹಿಸುವ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟಿಗೆ ಬದಲಿಸಿ.

ಗೋದಾಮು_ತುಮಕೂರು: ಲೇಸರ್, ಕೇಬಲ್. ಪೋರ್ಟ್ ಮೊದಲಿನಿಂದಲೂ ಟಿಸಿಪಿ/ಐಪಿಯೇ. ವಿಳಾಸ 192.168.1.201, ಕೈಯಿಂದಲೇ ಕೊಟ್ಟದ್ದು.

ಕೋಲಾರದ_ಕೇಬಲ್: ಇನ್ನೊಮ್ಮೆ ನೋಡಿ ಸ್ವಾಮಿ. ನಾನು ನೋಡಿದ ಕಚೇರಿಗಳಲ್ಲೆಲ್ಲ ‘ಟಿಸಿಪಿಯೇ’ ಎಂದವರ ಹತ್ತಿರ ಡಬ್ಲ್ಯುಎಸ್‌ಡಿಯೇ ಸಿಕ್ಕಿದೆ. ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ (ಪ್ರಿಂಟರಿನ ಸ್ಥಿತಿ ವಿಚಾರಿಸುವ ವ್ಯವಸ್ಥೆ) ಗುರುತನ್ನೂ ತೆಗೆಯಿರಿ. ಅದು ಪ್ರಿಂಟರ್ ಎದ್ದು ಕೂತಿದ್ದರೂ ಆಫ್‌ಲೈನ್ ಎಂದು ತೋರಿಸುವುದುಂಟು.

ಜಿಎಸ್‌ಟಿ_ಗುಮಾಸ್ತ: ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಮುದ್ರಿಸಲೇಬೇಕೆಂದೇನಿಲ್ಲ. ಚಾಲಕನ ಮೊಬೈಲಿಗೆ ಸಂಖ್ಯೆ ಕಳುಹಿಸಿ, ಲಾರಿ ಹೊರಡಲಿ.

ಗೋದಾಮು_ತುಮಕೂರು: ನಾನು ಇ-ವೇ ಬಿಲ್ ಎಂದೆನೇ? ಇನ್‌ವಾಯ್ಸ್. ಸರಕಿನದಕ್ಕೆ ಮೂರು ಪ್ರತಿ ಬೇಕು: ಕೊಂಡವರಿಗೆ, ಸಾಗಿಸುವವರಿಗೆ, ನಮಗೆ.

ಜಿಎಸ್‌ಟಿ_ಗುಮಾಸ್ತ: ಅದು ನನಗೆ ಗೊತ್ತಿಲ್ಲವೇ? ಗೇಟಿನಲ್ಲಿ ನಿಂತಿದೆ ಎಂದಿರಿ, ಒಂದು ದಾರಿ ಹೇಳಿದೆ.

ಹಳೇ_ರಿಬ್ಬನ್: ಈ ಮೂರು ಪ್ರತಿಗೆಂದೇ ನಾವು ಡಾಟ್ ಮ್ಯಾಟ್ರಿಕ್ಸ್ ಬಿಟ್ಟಿಲ್ಲ. 9 ಪಿನ್‌ನ ಎಪ್ಸನ್ ಎಲ್‌ಎಕ್ಸ್-300, ನಡುವೆ ಕಾರ್ಬನ್, ಒಂದೇ ಏಟಿಗೆ ಮೂರೂ. ಐಪಿ ಇಲ್ಲ, ಆಫ್‌ಲೈನ್ ಎಂಬ ಮಾತೇ ಇಲ್ಲ. ಸದ್ದು ಮಾತ್ರ ರಸ್ತೆಗೆ ಕೇಳುತ್ತದೆ.

ನಂದಿ_ತಪ್ಪಲು: ಗೋದಾಮಿನವರೇ, ಬ್ರೌಸರ್‌ನಲ್ಲಿ ಆ 201ರ ವಿಳಾಸ ಹಾಕಿದರೆ ಏನು ತೆರೆಯುತ್ತದೆ?

ಗೋದಾಮು_ತುಮಕೂರು: ಒಮ್ಮೆ ಪ್ರಿಂಟರ್‌ನ ಪುಟ. ಇನ್ನೊಮ್ಮೆ ಹೆಸರು, ಪಾಸ್‌ವರ್ಡ್ ಕೇಳುವ ಬೇರೆ ಯಾವುದೋ ಪುಟ. ವೈರಸ್ಸೇ?

ಕೋಲಾರದ_ಕೇಬಲ್: ಡ್ರೈವರ್ ತೆಗೆದು ಹೊಸದಾಗಿ ಹಾಕಿ. ಹಳೆಯ ಡಬ್ಲ್ಯುಎಸ್‌ಡಿ ಉಳಿದಿರುತ್ತದೆ.

ನಂದಿ_ತಪ್ಪಲು: ಡ್ರೈವರ್ ಮುಟ್ಟಬೇಡಿ. ಪ್ರಿಂಟರ್‌ನ ಕೇಬಲ್ ಕಿತ್ತು, 201ಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕಂಪ್ಯೂಟರಿನಿಂದ ಕೂಗಿ ನೋಡಿ. ಉತ್ತರ ಬಂದರೆ ಆ ವಿಳಾಸದಲ್ಲಿ ಇನ್ನೊಬ್ಬರು ಕೂತಿದ್ದಾರೆ. ಇಬ್ಬರಲ್ಲಿ ಯಾರ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತು) ಕಂಪ್ಯೂಟರಿನ ನೆನಪಿನಲ್ಲಿದೆಯೋ, ಆ ಕಂಪ್ಯೂಟರಿನ ಕೆಲಸ ಅವರಿಗೇ ಹೋಗುತ್ತದೆ. ಪಕ್ಕಪಕ್ಕದ ಮೇಜಿಗೆ ಬೇರೆ ಬೇರೆ ಗತಿ ಅದಕ್ಕೇ. ಇತ್ತೀಚೆಗೆ ಹೊಸದೇನಾದರೂ ನೆಟ್‌ವರ್ಕ್ ಸ್ವಿಚ್ಚಿಗೆ ಸೇರಿಸಿದಿರಾ?

ಗೋದಾಮು_ತುಮಕೂರು: ಪ್ರಿಂಟರ್ ಕಿತ್ತರೂ ಉತ್ತರ ಬರುತ್ತಿದೆ! ಹೊಸದೇನೂ ಇಲ್ಲ. ಗೇಟಿನಲ್ಲಿ ಬೆರಳೊತ್ತುವ ಹಾಜರಾತಿ ಯಂತ್ರ ಕೂರಿಸಿದ್ದಾರೆ, ಅಷ್ಟೇ. ಅದಕ್ಕೂ ಪ್ರಿಂಟರಿಗೂ ಏನು ಸಂಬಂಧ?

ನಂದಿ_ತಪ್ಪಲು: ಅಂಥ ಕೆಲವು ಯಂತ್ರಗಳು ಕಾರ್ಖಾನೆಯಿಂದಲೇ 192.168.1.201 ಹೊತ್ತು ಬರುತ್ತವೆ. ಕೂರಿಸಿದವರು ಹಾಗೆಯೇ ಬಿಟ್ಟು ಹೋಗುತ್ತಾರೆ. ಅದರ ವಿಳಾಸ ಬದಲಿಸಿ.

ಗೋದಾಮು_ತುಮಕೂರು: ಅದರ ಪಾಸ್‌ವರ್ಡ್ ಕೂರಿಸಿದವರ ಬಳಿ ಇದೆ, ಅವರು ಫೋನ್ ಎತ್ತುತ್ತಿಲ್ಲ.

ನಂದಿ_ತಪ್ಪಲು: ಹಾಗಾದರೆ ಪ್ರಿಂಟರನ್ನೇ ಆ ವಿಳಾಸದಿಂದ ಎಬ್ಬಿಸಿ. ರೂಟರ್‌ನ ಡಿಎಚ್‌ಸಿಪಿ (ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಎಲ್ಲಿಯವರೆಗೆ ಹಂಚುತ್ತದೆ ನೋಡಿಕೊಂಡು, ಅದರಾಚೆಯ ಖಾಲಿ ವಿಳಾಸ ಕೊಡಿ. 240 ಖಾಲಿ ಇದ್ದರೆ ಅದೇ ಆಗಲಿ. ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಆ ವಿಳಾಸಕ್ಕೆ ಹೊಸ ಪೋರ್ಟ್ ಮಾಡಿ.

ಕೋಲಾರದ_ಕೇಬಲ್: ಕೊನೆಗೂ ಪೋರ್ಟೇ ಬದಲಿಸಬೇಕಾಯಿತಲ್ಲ! ಮೊದಲೇ ಹೇಳಿದ್ದೆ.

ಗೋದಾಮು_ತುಮಕೂರು: 240 ಕೊಟ್ಟೆ. ಎರಡು ಮೇಜಿನಿಂದಲೂ ಬರುತ್ತಿದೆ. ಲೆಕ್ಕದ ಕೋಣೆಯ ಕಂಪ್ಯೂಟರ್ ಬಾಕಿ, ಅವರು ರಜೆಯಲ್ಲಿದ್ದಾರೆ.

ಜಿಎಸ್‌ಟಿ_ಗುಮಾಸ್ತ: @ಹಳೇ_ರಿಬ್ಬನ್, ಎಲ್‌ಎಕ್ಸ್-300 ರಿಬ್ಬನ್ ಈಗ ಎಲ್ಲಿ ತರಿಸುತ್ತೀರಿ? ನಮ್ಮದು ಓದಲಾಗದಷ್ಟು ಮಸುಕಾಗಿದೆ.