ಓದುಗರ ಸ್ಪಂದನ: ಅದೇ ಓಟಿ, ಅದೇ ಡ್ಯೂಟಿ, ದುಡ್ಡು ಮಾತ್ರ ಬೇರೆ

ಕಳೆದ ಸಂಚಿಕೆಯಲ್ಲಿ ಅರಿವಳಿಕೆ ತಜ್ಞೆಯೊಬ್ಬರ ಪತ್ರ ಹಾಕಿದ್ದೆವು. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ಅವರು ಕನ್ಸಲ್ಟೆಂಟ್. ಅವರ ಎಂಜಿ, ಅಂದರೆ ಕೇಸು ಎಷ್ಟೇ ಇರಲಿ ಆಸ್ಪತ್ರೆ ತಿಂಗಳಿಗೆ ಕೊಡಲೇಬೇಕಾದ ಕನಿಷ್ಠ ಮೊತ್ತ, 2.2 ಲಕ್ಷ ರೂಪಾಯಿ. ಒಮ್ಮೆ ಅಕೌಂಟ್ಸ್‌ನವರು ಬೇರೆಯವರ ಫಾರ್ಮ್ 16ಎ, ಅಂದರೆ ಕೊಟ್ಟ ಹಣ ಮತ್ತು ಹಿಡಿದ ತೆರಿಗೆ ತೋರಿಸುವ ಕಾಗದ, ಇವರ ಲಕೋಟೆಗೆ ಹಾಕಿಬಿಟ್ಟರು. ಲೆಕ್ಕ ಹಾಕಿ ನೋಡಿದರೆ, ತಮಗಿಂತ ಕಿರಿಯ ಗಂಡು ಸಹೋದ್ಯೋಗಿಗೆ ತಿಂಗಳಿಗೆ 2.8 ಲಕ್ಷ! ಡ್ಯೂಟಿ ಒಂದೇ, ನೈಟ್ ಕಾಲ್ ಒಂದೇ. "ಕೇಳಲೇ, ಸುಮ್ಮನಿರಲೇ? ಕೇಳಿದರೆ ಆ ಕಾಗದ ನನ್ನ ಕೈಗೆ ಹೇಗೆ ಬಂತು ಅನ್ನೋದೇ ದೊಡ್ಡ ವಿಷಯ ಆಗಿಬಿಡುತ್ತಾ?" ಎಂದು ಬರೆದಿದ್ದರು.

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. ಮೊದಲು ಚಿಕ್ಕದು.

*

ತಿಂಗಳಿಗೆ ಎರಡು ಲಕ್ಷ ಎಣಿಸುವವರ ಕಣ್ಣೀರಿಗೆ ನಿಮ್ಮಲ್ಲಿ ಅರ್ಧ ಪುಟ! 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅವರ ಪತ್ರ ಹಾಕಿ.
— ನಿವೃತ್ತ ಶಿಕ್ಷಕ, ತುಮಕೂರು

*

ಖಂಡಿತ ಹಾಕುತ್ತೇವೆ, ಬರೆಸಿ ಕಳಿಸಿ. ಆದರೆ ಇವೆರಡೂ ಬೇರೆ ಬೇರೆ ಕಥೆಗಳೇ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2022ರಲ್ಲಿ ತಂದ ವರದಿಯ ಪ್ರಕಾರ, ಆರೋಗ್ಯ ಕ್ಷೇತ್ರದಲ್ಲಿ ಹೆಂಗಸರ ಗಳಿಕೆ ಗಂಡಸರಿಗಿಂತ ಸುಮಾರು ಶೇ 24ರಷ್ಟು ಕಡಿಮೆ.

ಮುಂದಿನ ಪತ್ರ ಉದ್ದವಿದೆ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ಡಾಕ್ಟ್ರೇ, ನಿಮಗೆ ಕಾಗದವಾದರೂ ಸಿಕ್ಕಿತು. ನನಗೆ ಅದೂ ಇರಲಿಲ್ಲ.

ನಾನು ಜನರಲ್ ಸರ್ಜನ್. ನನ್ನನ್ನು ತೆಗೆದುಕೊಂಡಾಗ ಆಸ್ಪತ್ರೆಯ ಬೋರ್ಡಿನ ಮೇಲೆ 'ಲೇಡಿ ಸರ್ಜನ್ ಲಭ್ಯ' ಅಂತ ಕೆಂಪಕ್ಷರದಲ್ಲಿ ಬರೆಸಿದರು. ಖುಷಿಯಾಗಿತ್ತು. ಶೇರ್, ಅಂದರೆ ಮಾಡಿದ ಕೇಸಿನ ಹಣದಲ್ಲಿ ನಮ್ಮ ಪಾಲು, ಕೂಡ ನನಗೂ ಇನ್ನೊಬ್ಬ ಸರ್ಜನ್‌ಗೂ ಒಂದೇ, ರೂಪಾಯಿ ಹೆಚ್ಚುಕಡಿಮೆ ಇಲ್ಲ. ಎಲ್ಲ ಸರಿಯಾಗಿದೆ ಅನ್ನಿಸುತ್ತೆ ಅಲ್ವಾ?

ಓಟಿ (ಆಪರೇಷನ್ ಥಿಯೇಟರ್) ಲಿಸ್ಟ್ ನೋಡಿ ಅರ್ಥವಾಯಿತು. ಸರ್ಜನ್ಸ್ ರೂಮಿನಲ್ಲಿ ಒಂದು ಬಿಳಿ ಬೋರ್ಡು ಇತ್ತು, ಸಿಸ್ಟರ್ ಮಾರ್ಕರ್‌ನಲ್ಲಿ ಬರೆಯುತ್ತಿದ್ದರು. ಆ ಇನ್ನೊಬ್ಬ ಸರ್ಜನ್ ಕೇಸಿನ ಮುಂದೆ ಅವರ ಹೆಸರು. ನನ್ನ ಕೇಸಿನ ಮುಂದೆ ಬರೀ 'ಮೇಡಂ'. ಅವರ ಸಾಲಿನಲ್ಲಿ ದುಡ್ಡು ಬರುವ ಕೇಸುಗಳು: ಲ್ಯಾಪ್ ಗಾಲ್‌ಬ್ಲಾಡರ್ (ಪಿತ್ತಕೋಶ), ಹರ್ನಿಯಾ ಮೆಶ್, ಥೈರಾಯ್ಡ್. ನನ್ನ ಸಾಲಿನಲ್ಲಿ ಸ್ತನದ ಗಂಟು, ಫಿಶರ್ (ಗುದದ ಬಿರುಕು), ಕುರು. ಹೆಣ್ಣುಮಕ್ಕಳು ಗಂಡಸು ಡಾಕ್ಟರಿಗೆ ತೋರಿಸೋಕೆ ನಾಚುವಂಥದ್ದೆಲ್ಲ ನನಗೆ. ಅದನ್ನು ನಾನು ಪ್ರೀತಿಯಿಂದಲೇ ಮಾಡಿದೆ. ಆದರೆ ಪಿತ್ತಕೋಶ ತೆಗೆಸಿಕೊಳ್ಳೋರಲ್ಲೂ ಹೆಂಗಸರೇ ಜಾಸ್ತಿ. ಆ ಕೇಸುಗಳಿಗೆ ಮಾತ್ರ ಯಾರಿಗೂ ಲೇಡಿ ಸರ್ಜನ್ ನೆನಪಾಗುತ್ತಿರಲಿಲ್ಲ! ಸುತ್ತಲ ತಾಲ್ಲೂಕಿನ ಡಾಕ್ಟರುಗಳು ಚೀಟಿ ಬರೆಯುವಾಗಲೇ ಅವರ ಹೆಸರು ಬರೆದು ಕಳಿಸುತ್ತಿದ್ದರು.

ಕೆನಡಾದ ಒಂಟಾರಿಯೋದಲ್ಲಿ 2019ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿ ಪ್ರತಿ ಆಪರೇಷನ್‌ಗೂ ಗೊತ್ತುಪಡಿಸಿದ ದರ, ಯಾರು ಮಾಡಿದರೂ ಅಷ್ಟೇ. ಆದರೂ ಓಟಿಯಲ್ಲಿ ಕಳೆದ ಒಂದೊಂದು ಗಂಟೆಗೆ ಹೆಣ್ಣು ಸರ್ಜನ್‌ಗಳ ಗಳಿಕೆ ಶೇ 24 ಕಡಿಮೆ. ಕೈ ನಿಧಾನ ಅಂತಲ್ಲ, ಅದೇ ಆಪರೇಷನ್‌ಗೆ ಇಬ್ಬರಿಗೂ ಹಿಡಿಯುವ ಹೊತ್ತು ಒಂದೇ. ದುಡ್ಡು ಬರುವ ಕೇಸು ಅವರ ಟೇಬಲ್ಲಿಗೆ ಕಮ್ಮಿ ಬರುತ್ತೆ, ಅಷ್ಟೇ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಮಗಳು ಹುಟ್ಟಿದಾಗ ಇನ್ನೊಂದು. ಅದೇ ತಿಂಗಳು ಹೆರಿಗೆಯಾದ ಓಟಿ ಸಿಸ್ಟರ್‌ಗೆ 26 ವಾರ ಸಂಬಳದ ರಜೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ಬಂದ ಮೇಲೆ ಅದು ಅವಳ ಹಕ್ಕು, ಸಿಗಲೇಬೇಕು. ನಾನು ಕನ್ಸಲ್ಟೆಂಟ್, ಹಾಗಾಗಿ ಕಾಗದದಲ್ಲಿ ಹೊರಗಿನವಳು. ಒಂದು ದಿನದ ರಜೆಯೂ ಇಲ್ಲ. ಎರಡು ತಿಂಗಳಿಗೇ ಓಡಿಬಂದರೆ, ಎಂಜಿ ತೆಗೆದು ಬರೀ ಶೇರ್‌ಗೆ ಹಾಕಿದ್ದರು. "ಕೇಸು ಮಾಡಿದಷ್ಟು ತಗೊಳ್ಳಿ ಮೇಡಂ, ನಿಮಗೂ ಫ್ರೀಯಾಗಿರುತ್ತೆ."

ಕೇಳಿದೆ. ಕೇಳದೇ ಇರಲಿಲ್ಲ. ಆಸ್ಪತ್ರೆಯ ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್) ನಕ್ಕು ಕಾಫಿ ತರಿಸಿದರು. "ನಿಮ್ಮ ಯಜಮಾನ್ರೂ ಡಾಕ್ಟ್ರೇ ಅಲ್ವಾ, ನಿಮಗೇನು ಕೊರತೆ?" ಆ ಮಾತು ಇವತ್ತಿಗೂ ಚುಚ್ಚುತ್ತೆ. ಆ ಇನ್ನೊಬ್ಬ ಸರ್ಜನ್ ಹೆಂಡತಿಯೂ ಡಾಕ್ಟರೇ ರೀ! ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

ನೀವು ಕೇಳಿ. ಎಂಜಿ ಒಂದನ್ನೇ ಕೇಳಬೇಡಿ, ಯಾವ ಲಿಸ್ಟಿಗೆ ಯಾರನ್ನು ಹಾಕುತ್ತಾರೆ ಅನ್ನೋದನ್ನೂ ಕೇಳಿ. ಕಾರ್ಡಿಯಾಕ್, ನ್ಯೂರೋ ಅವರಿಗೆ, ಸಿಸೇರಿಯನ್ ಎಲ್ಲ ನಿಮಗೆ ಅಂತಿದ್ದರೆ ಎಂಜಿ ಸಮ ಮಾಡಿಸಿಕೊಂಡೂ ಪ್ರಯೋಜನವಿಲ್ಲ.
— ಸರ್ಜನ್, ಹೆಸರು ಬೇಡ

*

ನಾನು ಆಸ್ಪತ್ರೆ ಆಡಳಿತದಲ್ಲಿರುವವನು. ನೇರ ಹೇಳುತ್ತೇನೆ. ಗಂಡಸರು ಬೇರೆ ಆಸ್ಪತ್ರೆಯ ಆಫರ್ ಹಿಡಿದುಕೊಂಡು ಬರುತ್ತಾರೆ, ಕೊಡುತ್ತೇವೆ. ಹೆಂಗಸರು ಕೇಳುವುದಿಲ್ಲ. ಕೇಳದವರಿಗೆ ಯಾರು ಕೊಡುತ್ತಾರೆ?
— ಬೆಂಗಳೂರು

*

ಕೇಳಿದವರ ಪತ್ರ ಮೇಲೆಯೇ ಇದೆ. ಮುಂದಿನದು ವಕೀಲರೊಬ್ಬರದು. ಮೂಲ ಪತ್ರ ಬರೆದವರು ಇದನ್ನು ತಪ್ಪದೆ ಓದಲಿ.

*

1976ರ ಸಮಾನ ವೇತನ ಕಾಯ್ದೆ ಇತ್ತು. ಈಗ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ. 2019ರಲ್ಲೇ ಪಾಸಾದದ್ದು, ಜಾರಿಯಾಗಿದ್ದು 2025ರ ನವೆಂಬರ್ 21ರಂದು. ಒಂದೇ ಥರದ ಕೆಲಸಕ್ಕೆ ಗಂಡು–ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡುವಂತಿಲ್ಲ.

ತೊಡಕು ಎಲ್ಲಿದೆ ಅಂದರೆ, ಇದು ನೌಕರರಿಗೆ. ಫಾರ್ಮ್ 16ಎ ಕೊಡುತ್ತಾರೆ ಅಂದರೆ ಆಸ್ಪತ್ರೆ ನಿಮ್ಮನ್ನು ನೌಕರಳು ಎಂದು ತೋರಿಸಿಲ್ಲ, ವೃತ್ತಿಪರ ಶುಲ್ಕ ಎಂದು ಟಿಡಿಎಸ್ ಹಿಡಿದಿದೆ. ನೌಕರರಿಗೆ ಕೊಡುವುದು ಫಾರ್ಮ್ 16. ಕೋರ್ಟಿಗೆ ಹೋದರೆ ಎದುರಿನವರ ಮೊದಲ ಮಾತೇ ಇದು. ಆದರೆ ಹೆಸರೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಬೆರಳು ಒತ್ತಿ ಹಾಜರಿ ಹಾಕಬೇಕಾ? ಡ್ಯೂಟಿ ರೋಸ್ಟರ್ ಆಸ್ಪತ್ರೆಯವರದೇನಾ? ಬೇರೆ ಆಸ್ಪತ್ರೆಗೆ ಹೋಗಬಾರದು ಅಂತ ಬರೆಸಿಕೊಂಡಿದ್ದಾರಾ? ಇವಕ್ಕೆಲ್ಲ ಹೌದು ಅನ್ನುವಂತಿದ್ದರೆ ವಾದಕ್ಕೆ ಜಾಗವಿದೆ. ರೋಸ್ಟರಿನ ಪ್ರತಿಗಳನ್ನು ಈಗಿನಿಂದಲೇ ತೆಗೆದಿಡಿ. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇದೆಯಾ ನೋಡಿ. ಸಹೋದ್ಯೋಗಿಯ ಫಾರ್ಮನ್ನು ಮಾತ್ರ ಯಾರ ಮುಂದೆಯೂ ಹಿಡಿಯಬೇಡಿ.
— ವಕೀಲ, ಮೈಸೂರು

*

ನನ್ನ ಮಗಳು ನೀಟ್ ಪಿಜಿ ಬರೆದಿದ್ದಾಳೆ. ಆರ್ಥೋ (ಮೂಳೆ ವಿಭಾಗ) ಬೇಕು ಅಂತ ಹಟ. ನಿಮ್ಮ ಪತ್ರ ಓದಿದ ಮೇಲೆ ಡರ್ಮಟಾಲಜಿನೇ ವಾಸಿ ಅಂತ ನಮ್ಮನೆಯವರು ಶುರು ಮಾಡಿದ್ದಾರೆ. ಓದುಗರು ಏನಂತೀರಿ?
— ತಂದೆ, ಹಾಸನ

*

ಮಗಳು ಆಗಲೇ ಹೇಳಿದ್ದಾಳಲ್ಲ!

*

ಪೇ ಸ್ಕೇಲ್ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೆ ಒಂದು ಮಾತು. ನಾನಿರುವ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೂಲ ಸಂಬಳಕ್ಕೆ ಒಂದೇ ಸ್ಕೇಲ್. ಆದರೂ ಪ್ರೊಫೆಸರ್ ಜೇನ್ ಡೇಕರ್ ನೇತೃತ್ವದಲ್ಲಿ 2020ರಲ್ಲಿ ಬಂದ ವರದಿಯಲ್ಲಿ, ಕೆಲಸದ ಗಂಟೆಯ ವ್ಯತ್ಯಾಸ ಸರಿಹೊಂದಿಸಿದ ಮೇಲೂ ಆಸ್ಪತ್ರೆ ವೈದ್ಯರಲ್ಲಿ ಶೇ 18.9ರ ಅಂತರ. ಹೆಚ್ಚುವರಿ ಸೆಷನ್, ಬೋನಸ್ ಅವಾರ್ಡ್, ಮಕ್ಕಳಿಗಾಗಿ ಪಾರ್ಟ್‌ಟೈಮ್ ಆದವರು ಮೇಲೇರಲು ಹಿಡಿಯುವ ವರ್ಷಗಳು, ಎಲ್ಲ ಸೇರಿ ಹೀಗೆ. ಆದರೆ ಇಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಪ್ರತಿವರ್ಷ ತನ್ನ ಅಂತರವನ್ನು ಪ್ರಕಟಿಸಲೇಬೇಕು. ತಾರತಮ್ಯ ಇದೆಯಾ ಅಂತ ತಿಳಿಯೋಕೆ ಸಹೋದ್ಯೋಗಿಗಳು ಸಂಬಳ ಹೇಳಿಕೊಂಡರೆ, ಬಾಯಿ ಮುಚ್ಚಿಸುವ ಷರತ್ತು 2010ರ ಸಮಾನತೆ ಕಾಯ್ದೆಯ ಮುಂದೆ ನಡೆಯಲ್ಲ.
— ಕನ್ನಡತಿ ವೈದ್ಯೆ, ಲೀಡ್ಸ್

*

ನಾನೂ ಅನಸ್ತೇಷಿಯಾದವನೇ, ಗಂಡಸು. ನಮ್ಮೂರಲ್ಲಿ ಕೇಸಿನ ಲೆಕ್ಕದಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಹೋಗುವ ನಾವೆಲ್ಲ ಒಂದು ಸಂಜೆ ಕೂತು, ಯಾವ ಕೇಸಿಗೆ ಎಷ್ಟು ಅಂತ ಒಂದೇ ದರ ಮಾಡಿಕೊಂಡೆವು. ಅವತ್ತು ಎಲ್ಲರೂ ತಮ್ಮ ತಮ್ಮ ರೇಟು ಹೇಳಿದಾಗಲೇ ಗೊತ್ತಾಗಿದ್ದು, ನಮ್ಮ ಮೇಡಂಗಳಿಗೆ ಸಿಸೇರಿಯನ್‌ಗೆ ನಮಗಿಂತ ಕಮ್ಮಿ ಕೊಡುತ್ತಿದ್ದರು ಅಂತ. ನರ್ಸಿಂಗ್ ಹೋಮ್‌ನವರು ಸ್ವಲ್ಪ ದಿನ ಮುನಿಸಿಕೊಂಡರು, ಆಮೇಲೆ ಕೊಟ್ಟರು. ನಿಮ್ಮ ಆ ಜೂನಿಯರ್ ಹುಡುಗನ ಹತ್ತಿರ ಮೊದಲು ಮಾತಾಡಿ ಡಾಕ್ಟ್ರೇ. ಕಾಗದ ಸಿಕ್ಕಿದ್ದು ಬಿಡಿ, ಅವನೇ ಬಾಯಿಬಿಟ್ಟು ಹೇಳಿದರೆ ನಿಮ್ಮ ಭಯ ಅರ್ಧ ಹೋಗುತ್ತೆ. ಒಳ್ಳೆಯವನಾದರೆ ಹೇಳುತ್ತಾನೆ.
— ಹುಬ್ಬಳ್ಳಿ

*

ಪತ್ರಗಳು ಇನ್ನೂ ಇವೆ, ಜಾಗವಿಲ್ಲ. 'ದೇವರು ಕೊಟ್ಟಷ್ಟರಲ್ಲಿ ತೃಪ್ತಿ ಇರಲಿ' ಎಂದು ಬರೆದವರೆಲ್ಲರಿಗೂ ವಂದನೆಗಳು. ವಕೀಲರು ಒಪ್ಪಂದದಲ್ಲಿ ಗಮನಿಸಬೇಕಾದ ಷರತ್ತುಗಳ ಪಟ್ಟಿಯನ್ನೂ ಕಳಿಸಿದ್ದಾರೆ. ಬೇಕಾದವರು ಬರೆದು ತಿಳಿಸಿದರೆ ಕಳಿಸಿಕೊಡುತ್ತೇವೆ.